ಅಚಿಬೆ ಕಾದಂಬರಿಗೆ ಮುಂಚೆ ಆಫ್ರಿಕಾದ ಚರಿತ್ರೆ ಓದಬೇಕಾ?

ಪ್ರಶ್ನೆ: ಬಿ.ಎ. ಮೊದಲ ವರ್ಷಕ್ಕೆ ಚಿನುವಾ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಪಠ್ಯವಾಗಿದೆ. ಅದರಲ್ಲಿ ಬರುವ ನೈಜೀರಿಯಾದ ಇಗ್ಬೊ ಜನರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಮೊದಲು ಅವರ ಚರಿತ್ರೆ, ಸಂಪ್ರದಾಯ ಓದಿಕೊಂಡು ಆಮೇಲೆ ಕಾದಂಬರಿ ಶುರು ಮಾಡಲಾ?

ಉತ್ತರ: ಬೇಡ. ಮೊದಲು ಕಾದಂಬರಿಯನ್ನೇ ಹಿಡಿಯಿರಿ.

ಇದು ಅಚ್ಚಾದದ್ದು 1958ರಲ್ಲಿ. ನೈಜೀರಿಯಾಕ್ಕೆ ಸ್ವಾತಂತ್ರ್ಯ ಬರಲು ಇನ್ನೂ 2 ವರ್ಷ ಇತ್ತು. ಅಚಿಬೆ ನೈಜೀರಿಯಾದ ಇಬಾದಾನ್ ಊರಿನ ಕಾಲೇಜಿನಲ್ಲಿ ಓದುವಾಗ, ವಸಾಹತು ಅಧಿಕಾರಿಯಾಗಿದ್ದ ಜಾಯ್ಸ್ ಕ್ಯಾರಿ ಬರೆದ ‘ಮಿಸ್ಟರ್ ಜಾನ್ಸನ್’ ಪಾಠಕ್ಕಿತ್ತು. ಅದರಲ್ಲಿ ನೈಜೀರಿಯಾದ ಜನರನ್ನು ತೋರಿಸಿದ ರೀತಿ ಅಚಿಬೆಗೂ ಸಹಪಾಠಿಗಳಿಗೂ ಒಪ್ಪಿಗೆಯಾಗಲಿಲ್ಲ. ನೀವು ಕೂತಿರುವಂಥದ್ದೇ ಕ್ಲಾಸಿನಲ್ಲಿ ಎದ್ದ ಅಸಮಾಧಾನ ಈ ಪುಸ್ತಕದ ಹಿಂದಿದೆ.

ಬೇಕಾದ್ದನ್ನು ಪುಸ್ತಕವೇ ಕಲಿಸುತ್ತದೆ. ಮೊದಲ ಅಧ್ಯಾಯ ನೋಡಿ. ನಾಯಕ ಒಕೊಂಕ್ವೊನ ಅಪ್ಪ ಉನೋಕಾ. ಅವನ ಮನೆಗೆ ನೆರೆಯವನಾದ ಒಕೋಯೆ, ತಾನು ಕೊಟ್ಟ ಸಾಲ ವಾಪಸ್ ಕೇಳಲು ಬರುತ್ತಾನೆ. ಬಂದ ಕೂಡಲೇ ದುಡ್ಡಿನ ಮಾತಿಲ್ಲ. ಉನೋಕಾ ಕೋಲಾ ಕಾಯಿ, ಅಂದರೆ ಅತಿಥಿಗೆ ಕೊಡುವ ಒಂದು ಬಗೆಯ ಬೀಜ, ತಂದಿಡುತ್ತಾನೆ. ಅದನ್ನು ಒಡೆಯುವ ಗೌರವ ನಿನ್ನದು, ಇಲ್ಲ ನಿನ್ನದು ಅಂತ ಇಬ್ಬರೂ ಉಪಚಾರ ಮಾಡಿಕೊಳ್ಳುತ್ತಾರೆ. ಒಡೆಯುವಾಗ ತೀರಿಹೋದ ಹಿರಿಯರಿಗೆ ಪ್ರಾರ್ಥನೆ. ಆಮೇಲೆ ಊರ ಸುದ್ದಿ, ಗಾದೆಗಳು, ಕೊನೆಗೆ 200 ಕವಡೆ ಸಾಲ. ಉನೋಕಾ ನಗುತ್ತಾ ಗೋಡೆ ತೋರಿಸುತ್ತಾನೆ. ಸುಣ್ಣದ ಗೆರೆಗಳು, ಒಂದೊಂದು ಗೆರೆಗೆ 100 ಕವಡೆ. ದೊಡ್ಡ ಸಾಲ ಮೊದಲು ತೀರಿಸ್ತೀನಿ ಅನ್ನುತ್ತಾನೆ! ಈ ಎರಡು ಪುಟದಲ್ಲಿ ಇಗ್ಬೊ ಮರ್ಯಾದೆ, ಮಾತಿನ ಸೊಗಸು, ಬಡತನ ಎಲ್ಲವೂ ಇವೆ.

ಇದನ್ನು ಓದುವಾಗ ನಮಗೆ ಎಲೆ ಅಡಿಕೆ ನೆನಪಾಗುತ್ತದೆ, ಅಲ್ವಾ? ನೆನಪಾಗಲಿ, ಒಳಗೆ ಹೋಗಲು ಅದು ಒಳ್ಳೆ ಬಾಗಿಲು. ಆದರೆ ಅಲ್ಲೇ ನಿಂತರೆ ಪುಸ್ತಕ ಕೈತಪ್ಪುತ್ತದೆ. ನಾವು ತಾಂಬೂಲ ಕೊಡುವಾಗ ಹಿರಿಯರನ್ನು ಕರೆದು ಆಯುಷ್ಯ ಬೇಡುವುದಿಲ್ಲ. ಹೋಲಿಕೆ ಎಲ್ಲಿ ಮುಗಿಯಿತೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಕ್ಲಾಸಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಆ ಗುರುತುಗಳಲ್ಲೇ ಇರುತ್ತವೆ.

ಪರೀಕ್ಷೆಯಲ್ಲಿ ‘ಸಂಸ್ಕೃತಿಗಳ ಸಂಘರ್ಷ’ ಅಂತ ಬಂದರೆ ತುಂಬಾ ಜನ ಎರಡು ಕಾಲಂ ಮಾಡುತ್ತಾರೆ. ಒಂದು ಕಡೆ ಇಗ್ಬೊಗಳು, ಇನ್ನೊಂದು ಕಡೆ ಬಿಳಿಯರು. ಹಾಗೆ ಬರೆಯಬೇಡಿ. 25 ಅಧ್ಯಾಯಗಳಲ್ಲಿ ಮೊದಲ 13ರಲ್ಲಿ ಪಾದ್ರಿಗಳು ಒಕೊಂಕ್ವೊನ ಊರಾದ ಉಮುವೋಫಿಯಾಕ್ಕೆ ಕಾಲೇ ಇಟ್ಟಿರುವುದಿಲ್ಲ. ಬಿರುಕು ಮಾತ್ರ ಆಗಲೇ ಇದೆ. 13ನೇ ಅಧ್ಯಾಯದ ಕೊನೆಯಲ್ಲಿ ಒಕೊಂಕ್ವೊನ ಗೆಳೆಯ ಒಬಿಯೆರಿಕಾ ಒಬ್ಬನೇ ಕೂತು, ಊರಿನ ಕಟ್ಟಳೆಯಂತೆ ತಾನೇ ಕಾಡಿಗೆ ಬಿಟ್ಟು ಬಂದ ತನ್ನ ಅವಳಿ ಕೂಸುಗಳನ್ನು ನೆನೆಯುತ್ತಾನೆ. ಅವು ಮಾಡಿದ ತಪ್ಪಾದರೂ ಏನು ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ. ಅವನಿಗೆ ಆ ಪ್ರಶ್ನೆಯನ್ನು ಯಾವ ಪಾದ್ರಿಯೂ ಹೇಳಿಕೊಟ್ಟಿಲ್ಲ. ಮುಂದೆ ಒಕೊಂಕ್ವೊನ ಮಗ ನ್ವೋಯೆ ಚರ್ಚಿಗೆ ಹೋಗುವುದೂ ಇಂಥದ್ದೇ ಹಳೆಯ ನೋವಿನಿಂದ.

ಚರಿತ್ರೆಯನ್ನು ಕಾದಂಬರಿ ಮುಗಿಸಿದ ಮೇಲೆ ಓದಿ. ಅದಕ್ಕೂ ಮುಂಚೆ ಕೊನೆಯ ಪುಟ ಇನ್ನೊಂದು ಸಲ ನೋಡಿ. ಬ್ರಿಟಿಷ್ ಜಿಲ್ಲಾ ಕಮಿಷನರ್ ತಾನು ಬರೆಯಲಿರುವ ಪುಸ್ತಕದಲ್ಲಿ ಒಕೊಂಕ್ವೊನ ಬಗ್ಗೆ ಒಂದು ಅಧ್ಯಾಯ ಬರೆಯಬಹುದು ಅಂದುಕೊಳ್ಳುತ್ತಾನೆ. ಮರುಕ್ಷಣ, ಬೇಡ, ಒಂದು ಪ್ಯಾರಾ ಸಾಕು ಅನ್ನುತ್ತಾನೆ. ಅವನ ಆ ಯೋಚನೆಯಲ್ಲಿ ಒಕೊಂಕ್ವೊನ ಹೆಸರೂ ಇಲ್ಲ. ‘ಈ ಮನುಷ್ಯ’ ಅಂತ ಮಾತ್ರ ಇದೆ.