ಬಂಡೆಯಲ್ಲಿ ಕೊರೆದ ಎತ್ತರ: ಕಾಸರಗೋಡಿನ ಹಾದಿಬದಿಯ ಮಟ್ಟಗುರುತುಗಳ ಹಿನ್ನೆಲೆ

ತಲಪಾಡಿಯಿಂದ ಕಾಲಿಕ್ಕಡವಿನವರೆಗಿನ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲಗೊಳಿಸುವ ಕೆಲಸ ಶುರುವಾದ ಮೇಲೆ ಮಳೆಗಾಲ ಬಂತೆಂದರೆ ಒಂದೇ ಬಗೆಯ ತಕರಾರು ಕೇಳಿಬರುತ್ತದೆ. ರಸ್ತೆ ಎತ್ತರವಾಯಿತು, ಮೋರಿಯ ಬಾಯಿ ಮೇಲಕ್ಕೆ ಹೋಯಿತು, ಹಿಂದೆ ತೋಡಿಗೆ ಇಳಿಯುತ್ತಿದ್ದ ನೀರು ಈಗ ಅಂಗಳದಲ್ಲಿ ನಿಲ್ಲುತ್ತದೆ ಎಂದು ರಸ್ತೆಬದಿಯ ಮನೆಯವರು ಹೇಳುತ್ತಾರೆ. ಚರಂಡಿಗೆ ಬೇಕಾದಷ್ಟು ಇಳಿಜಾರು ಕೊಟ್ಟಿದ್ದೇವೆ ಎಂದು ಕಾಮಗಾರಿಯವರು ಉತ್ತರಿಸುತ್ತಾರೆ. ಇದರಲ್ಲಿ ಯಾರ ಮಾತು ಸರಿ ಎಂಬುದನ್ನು ಕಣ್ಣಂದಾಜಿನಲ್ಲಿ ತೀರ್ಮಾನಿಸಲಾಗದು. ಕೆಲಸಕ್ಕೆ ಮೊದಲೂ ಅನಂತರವೂ ಅಲುಗದೆ ನಿಂತಿರುವ, ಎತ್ತರ ಮೊದಲೇ ಗೊತ್ತಿರುವ ಒಂದು ಬಿಂದುವಿನಿಂದ ಅಳೆದು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ಅಂಥ ಬಿಂದುವಿಗೆ ಸರ್ವೆಯವರು ಬೆಂಚ್‌ಮಾರ್ಕ್ ಎನ್ನುತ್ತಾರೆ. ಅವು ಹಳೆಯ ಸೇತುವೆಗಳ ಕಟ್ಟೆ, ಮೋರಿಗಳ ತಡೆಗೋಡೆ, ಹಾದಿಬದಿಯ ಬಂಡೆಗಳ ಮೇಲೆಯೇ ಇರುವುದು ವಾಡಿಕೆ. ಅಂದರೆ ರಸ್ತೆ ಅಗಲವಾಗುವಾಗ ಮೊದಲು ಕಿತ್ತುಹೋಗುವುದು ಇಂಥ ಜಾಗಗಳೇ.

ಅಮೆರಿಕದಲ್ಲಿ ಈ ಗುರುತು ಸಾಮಾನ್ಯವಾಗಿ ಅಂಗೈಯಗಲದ ಕಂಚಿನ ಬಿಲ್ಲೆಯ ರೂಪದಲ್ಲಿರುತ್ತದೆ. ಬಂಡೆಯಲ್ಲಿ ರಂಧ್ರ ಕೊರೆದು, ಬಿಲ್ಲೆಯ ಹಿಂಬದಿಯ ಕಾಂಡವನ್ನು ಅದರೊಳಗೆ ಇಳಿಸಿ ಸಿಮೆಂಟಿನಿಂದ ಭದ್ರಪಡಿಸುತ್ತಾರೆ. ಅಲ್ಲಿನ ಕರಾವಳಿ ಸರ್ವೆ ಇಲಾಖೆಯ ಹಳೆಯ ಬಿಲ್ಲೆಗಳ ಮೇಲೆ, ಗುರುತನ್ನು ಅಲುಗಿಸಿದರೆ 250 ಡಾಲರ್ ದಂಡ ಅಥವಾ ಸೆರೆವಾಸ ಎಂಬ ಎಚ್ಚರಿಕೆಯನ್ನೂ ಅಚ್ಚೊತ್ತಲಾಗಿದೆ. ನಮ್ಮಲ್ಲಿ ಬಹುಕಾಲ ನಡೆದುಬಂದದ್ದು ಉಳಿಯ ಕೆಲಸ. ಗಟ್ಟಿ ಕಲ್ಲಿನ ಮೇಲ್ಮೈಯನ್ನು ಸ್ವಲ್ಪ ಚಪ್ಪಟೆ ಮಾಡಿ, ಅಳತೆಪಟ್ಟಿಯನ್ನು ನಿಲ್ಲಿಸುವ ಜಾಗವನ್ನು ಗುರುತಿಸಿ, ಪಕ್ಕದಲ್ಲಿ ‘ಜಿ.ಟಿ.ಎಸ್.’, ‘ಬಿ.ಎಂ.’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೆತ್ತುತ್ತಿದ್ದರು. ಎತ್ತರದ ಸಂಖ್ಯೆಯನ್ನು ಮಾತ್ರ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಡತದಲ್ಲಿ ಬರೆದಿಡುತ್ತಿದ್ದರು. ಕಲ್ಲು ಮತ್ತು ಕಡತ ಎರಡೂ ಉಳಿದರಷ್ಟೇ ಆ ಗುರುತಿಗೆ ಬೆಲೆ.

ಅಕ್ಷರಗಳಲ್ಲಿರುವ ಜಿ.ಟಿ.ಎಸ್. ಎಂದರೆ ಮಹಾ ತ್ರಿಕೋನಮಿತಿ ಸರ್ವೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಸರಗೋಡು ಸೇರಿದಂತೆ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮೂರು ವರ್ಷಗಳ ಅನಂತರ, 1802ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯಷ್ಟು ಉದ್ದದ ಆಧಾರರೇಖೆಯನ್ನು ಅಳೆಯಲು ಆರಂಭಿಸಿದ. ಅಲ್ಲಿಂದ ತ್ರಿಕೋನದ ಪಕ್ಕ ತ್ರಿಕೋನ ಹೆಣೆಯುತ್ತ, ಬೆಂಗಳೂರನ್ನು ದಾಟಿ, ಘಟ್ಟದ ಶಿಖರಗಳನ್ನು ಹತ್ತಿ ಅವನ ಅಳತೆ ಮಂಗಳೂರಿನ ಕಡಲತೀರವನ್ನು ಮುಟ್ಟಿತು. ಹಳೆಯ ನಕ್ಷೆಗಳಲ್ಲಿ ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದಿದ್ದದ್ದು ವಾಸ್ತವದಲ್ಲಿ 360 ಮೈಲಿಯಷ್ಟೇ ಎಂದು ತಿಳಿದದ್ದು ಆಗಲೇ. ಆದರೆ ಅದು ಮುಖ್ಯವಾಗಿ ಅಡ್ಡಳತೆಯ ಸಾಧನೆ. ದೂರದ ಶಿಖರವನ್ನು ನೋಡಿ ಕೋನದಿಂದ ಎತ್ತರ ಲೆಕ್ಕ ಹಾಕುವಾಗ, ಬೆಳಕಿನ ಕಿರಣ ಗಾಳಿಯಲ್ಲಿ ಬಾಗುವುದರಿಂದ ಲೆಕ್ಕದಲ್ಲಿ ಅಡಿಗಟ್ಟಲೆ ತಪ್ಪು ನುಸುಳುತ್ತದೆ. ಬೆಟ್ಟದ ಎತ್ತರಕ್ಕೆ ಅದು ನಡೆದೀತು. ಕಾಲುವೆಗೆ, ರೈಲುಹಳಿಗೆ ನಡೆಯದು.

ಹಾಗಾಗಿ 1858ರಿಂದ ನಿಖರವಾದ ಮಟ್ಟದ ಸರ್ವೆ ಬೇರೆಯಾಗಿಯೇ ಆರಂಭವಾಯಿತು. ಅದರ ಕ್ರಮ ಇಂದಿಗೂ ಮೂಲತಃ ಬದಲಾಗಿಲ್ಲ. ಎರಡು ಅಳತೆಪಟ್ಟಿಗಳನ್ನು ಹಿಂದೆ ಒಂದು, ಮುಂದೆ ಒಂದು ನಿಲ್ಲಿಸಿ, ಸರಿಯಾಗಿ ನಡುವೆ, ನೋಟವನ್ನು ಸಮತಲದಲ್ಲಿ ಹಿಡಿಯುವ ಲೆವೆಲ್ ಯಂತ್ರವನ್ನು ಇಟ್ಟು ಎರಡನ್ನೂ ಓದುತ್ತಾರೆ. ಎರಡು ಓದುಗಳ ವ್ಯತ್ಯಾಸವೇ ಆ ಎರಡು ಜಾಗಗಳ ಎತ್ತರದ ವ್ಯತ್ಯಾಸ. ಯಂತ್ರ ನಟ್ಟನಡುವೆ ಇದ್ದರೆ ಅದರ ಸಣ್ಣ ದೋಷವೂ, ಭೂಮಿಯ ಬಾಗಿನ ಪರಿಣಾಮವೂ ಎರಡು ಕಡೆ ಸಮವಾಗಿ ಸೇರಿ ಕಳೆದುಹೋಗುತ್ತವೆ. ಹೀಗೆ ಹೆಜ್ಜೆ ಹೆಜ್ಜೆಗೂ ಓದುತ್ತ ನೂರಾರು ಮೈಲಿ ಸಾಗಬೇಕು. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಅಳೆದು ತಾಳೆ ನೋಡಬೇಕು. ಅತಿ ನಿಖರ ದರ್ಜೆಯ ಕೆಲಸದಲ್ಲಿ ಹೋಗುವ ಮತ್ತು ಬರುವ ಅಳತೆಗಳ ನಡುವೆ ಇರಬಹುದಾದ ವ್ಯತ್ಯಾಸ, ದೂರವನ್ನು ಕಿಲೋಮೀಟರ್‌ನಲ್ಲಿ ಹಿಡಿದು ಅದರ ವರ್ಗಮೂಲದ ಮೂರು ಪಟ್ಟು ಮಿಲಿಮೀಟರ್. 36 ಕಿಲೋಮೀಟರ್‌ಗೆ, ಅಂದರೆ ತಲಪಾಡಿಯಿಂದ ಕಾಸರಗೋಡು ಪೇಟೆಯವರೆಗೆ ಹತ್ತಿರಹತ್ತಿರ ಇರುವಷ್ಟು ದೂರಕ್ಕೆ, ಕೇವಲ 18 ಮಿಲಿಮೀಟರ್. ತಡಮೆ ದಾಟಿ, ತೋಟ ಹೊಕ್ಕು, ಗುಡ್ಡ ಹತ್ತಿ ಇಳಿದು ಇಷ್ಟು ನಿಖರತೆ ಸಾಧಿಸುವುದು ಬಹಳ ಕಷ್ಟ. ಇಳಿಜಾರು ಮೆದುವಾಗಿದ್ದು, ನೆಲ ಗಟ್ಟಿಯಾಗಿದ್ದು, ದೂರದವರೆಗೆ ನೋಟ ಸಿಗುವ ಹಾದಿಯೇ ಬೇಕು. ಗುರುತುಗಳು ದೊಡ್ಡ ರಸ್ತೆ ಮತ್ತು ರೈಲುದಾರಿಗಳ ಉದ್ದಕ್ಕೂ ಸಾಲಾಗಿ ಬಂದದ್ದು ಈ ಕಾರಣದಿಂದ.

ಇಷ್ಟೆಲ್ಲ ಅಳೆದರೂ ಸೊನ್ನೆ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಉಬ್ಬರವಿಳಿತವನ್ನು ವರ್ಷಗಟ್ಟಲೆ ದಾಖಲಿಸಿ ಅದರ ಸರಾಸರಿಯನ್ನು ಸಮುದ್ರಮಟ್ಟ ಎಂದು ಹಿಡಿಯುವುದು ಕ್ರಮ. 1909ರಲ್ಲಿ ಲೆಕ್ಕ ಮುಗಿದ ದೇಶದ ಮೊದಲ ಮಟ್ಟದ ಜಾಲ ಒಂಬತ್ತು ಬಂದರುಗಳ ಸರಾಸರಿಯನ್ನು ಆಧರಿಸಿತ್ತು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಒಡಿಶಾ ಕರಾವಳಿಯ ಫಾಲ್ಸ್ ಪಾಯಿಂಟ್. ಕಾಸರಗೋಡಿನ ಕರಾವಳಿ ಈ ಪಟ್ಟಿಯ ಕಾರವಾರಕ್ಕೂ ಬೇಪೂರಿಗೂ ನಡುವೆ ಬರುತ್ತದೆ. ಒಂಬತ್ತೂ ಕಡೆ ಸಮುದ್ರ ಒಂದೇ ಮಟ್ಟದಲ್ಲಿದೆ ಎಂದು ಅಂದು ಭಾವಿಸಿ, ಒಂಬತ್ತನ್ನೂ ಸೊನ್ನೆಗೆ ಕಟ್ಟಿದರು. ಆದರೆ ನೀರಿನ ಉಷ್ಣತೆ, ಉಪ್ಪಿನಂಶ, ಗಾಳಿ, ಪ್ರವಾಹಗಳಿಂದಾಗಿ ಅರಬ್ಬಿ ಸಮುದ್ರದ ಸರಾಸರಿ ಮಟ್ಟವೂ ಬಂಗಾಳ ಕೊಲ್ಲಿಯದ್ದೂ ಒಂದೇ ಅಲ್ಲ. ಆ ವ್ಯತ್ಯಾಸ ಜಾಲದೊಳಗೆ ಹಂಚಿಹೋಗಿ ಉಳಿದುಕೊಂಡಿತು. ಅಂದಿನ ಸಾಧನಗಳನ್ನು ನೆನೆದರೆ ಈ ಕೆಲಸದ ಮೇಲೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೊದಲ ಜಾಲದ ಲೆಕ್ಕ ಮುಗಿಯುವ ಎರಡು ವರ್ಷ ಮೊದಲು, 1907ರಲ್ಲಿ, ಮಲಬಾರಿನ ರೈಲುದಾರಿ ಮಂಗಳೂರನ್ನು ತಲುಪಿತ್ತು. ನಿಲ್ದಾಣದ ಹಳದಿ ಫಲಕದ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಮಟ್ಟದ ಸರ್ವೆಯ ಇಡೀ ಶ್ರಮದಲ್ಲಿ ಜನಸಾಮಾನ್ಯರ ಕಣ್ಣಿಗೆ ಬೀಳುವುದು ಬಹುಶಃ ಅದೊಂದೇ.

ಕಾಸರಗೋಡಿಗೆ ತನ್ನದೇ ಆದ ಒಂದು ತೊಡಕೂ ಇದೆ. ಇಲ್ಲಿನ ಗುಡ್ಡಗಳ ಮೇಲ್ಮೈಯಲ್ಲಿ ಬಹುಪಾಲು ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಈ ಕಲ್ಲಿನಿಂದಲೇ ಬೇಕಲ ಕೋಟೆ ಎದ್ದಿದೆ. ಗೋಡೆಗೆ ಅದು ಒಳ್ಳೆಯದು. ಮಿಲಿಮೀಟರ್ ಲೆಕ್ಕದ ಗುರುತಿಗೆ ಅಲ್ಲ. ತೂತುತೂತಾದ ಅದರ ಮೈ ಮಳೆಗೆ ಸವೆಯುತ್ತದೆ, ಅಂಚು ಉದುರುತ್ತದೆ, ಕೆತ್ತಿದ ಅಕ್ಷರ ಪಾಚಿಯಲ್ಲಿ ಮುಚ್ಚಿ ಕ್ರಮೇಣ ಚಿಪ್ಪಾಗಿ ಏಳುತ್ತದೆ. ಬಾಳಿಕೆಯ ಗುರುತಿಗೆ ಕಗ್ಗಲ್ಲೇ ಬೇಕು. ಅದು ಹೊರಗೆ ಕಾಣದ ಕಡೆ ಕಗ್ಗಲ್ಲು ಹಾಸಿದ ಸೇತುವೆಯೋ ಹಳೆಯ ಕಟ್ಟಡದ ಅಡಿಪಾಯವೋ ಆಸರೆಯಾಗಬೇಕು. ಹಾಗಾಗಿ ಇಲ್ಲಿ ಹಳೆಯ ಸಂಕವೊಂದನ್ನು ಒಡೆದರೆ ಪಕ್ಕದ ಬಂಡೆಗೆ ಗುರುತನ್ನು ಸರಿಸೋಣ ಎಂದರೂ ಯೋಗ್ಯ ಬಂಡೆ ಹತ್ತಿರದಲ್ಲೇ ಸಿಕ್ಕೀತೆಂಬ ಖಾತರಿಯಿಲ್ಲ.

ಮಟ್ಟದ ಮಹತ್ವ ಈ ನೆಲದವರಿಗೆ ಹೊಸದೇನಲ್ಲ. ಎಣ್ಮಕಜೆ, ಬಾಯಾರು ಕಡೆಯ ಸುರಂಗಗಳು ಅದೇ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಡ್ಡಲಾಗಿ ಕೊರೆದ ನೀರಿನ ದಾರಿಗಳು. ನೆಲ ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರಾಗಿರಬೇಕು. ಆಗಷ್ಟೇ ಒಸರಿದ ನೀರು ಪಂಪಿನ ಹಂಗಿಲ್ಲದೆ ತೋಟಕ್ಕೆ ಹರಿದು ಬರುತ್ತದೆ. ಸುರಂಗಕ್ಕೆ ಅದರ ಬಾಯಿಯೇ ಆಧಾರಬಿಂದು. ಒಂದು ತೋಟದೊಳಗಿನ ಕೆಲಸಕ್ಕೆ ಅಷ್ಟು ಸಾಕು. ಮೊಗ್ರಾಲ್ ಹೊಳೆಯ ನೆರೆ ಎಷ್ಟು ಎತ್ತರಕ್ಕೆ ಬಂತು, ಉಪ್ಪಳದ ಮೂಸೋಡಿಯಲ್ಲಿ ಕಡಲು ಕೊರೆದ ದಂಡೆ ಎಷ್ಟು ತಗ್ಗಿತು ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಎಲ್ಲರ ಅಳತೆಯೂ ಒಂದೇ ಸೊನ್ನೆಯಿಂದ ಹೊರಡಬೇಕು.

ಉಪಗ್ರಹದ ಕಾಲದಲ್ಲಿ ಕಲ್ಲಿನ ಗುರುತಿನ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಕೇರಳದಲ್ಲಿ 2022ರ ನವೆಂಬರ್ 1ರಂದು ಆರಂಭವಾದ ಡಿಜಿಟಲ್ ಮರುಸರ್ವೆ, ನಿರಂತರವಾಗಿ ಉಪಗ್ರಹದ ಸಂಕೇತ ಹಿಡಿಯುವ ಸ್ಥಿರ ನಿಲ್ದಾಣಗಳನ್ನು ನೆಚ್ಚಿಕೊಂಡಿದೆ. ಗಡಿಗಳನ್ನು ಸೆಂಟಿಮೀಟರ್‌ಗಳ ನಿಖರತೆಯಲ್ಲಿ ಗುರುತಿಸಲು ಅದು ನಿಜಕ್ಕೂ ದೊಡ್ಡ ಅನುಕೂಲ. ಎತ್ತರದ ವಿಷಯ ಬೇರೆ. ಉಪಗ್ರಹದ ಲೆಕ್ಕ ಭೂಮಿಯನ್ನು ನುಣುಪಾದ ದೀರ್ಘಗೋಳವೆಂದು ಹಿಡಿದು ಅದರಿಂದ ಎತ್ತರ ಹೇಳುತ್ತದೆ. ನೀರು ಹರಿಯುವುದು ಗುರುತ್ವಾಕರ್ಷಣೆಗೆ ತಕ್ಕಂತೆ, ಮತ್ತು ಆ ಗುರುತ್ವದ ಮಟ್ಟ, ಅಂದರೆ ಸರಾಸರಿ ಸಮುದ್ರಮಟ್ಟವನ್ನು ಹೋಲುವ ಮೇಲ್ಮೈ, ದಕ್ಷಿಣ ಭಾರತದ ಸುತ್ತ ದೀರ್ಘಗೋಳಕ್ಕಿಂತ ಬಹಳ ಕೆಳಗಿದೆ. ಶ್ರೀಲಂಕೆಯ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದಲ್ಲಿ ಈ ತಗ್ಗು 100 ಮೀಟರ್ ಮೀರುತ್ತದೆ. ಅದು ಭೂಮಿಯಲ್ಲೇ ಅತಿ ಆಳವಾದದ್ದು. ಹಾಗಾಗಿ ಬೇಕಲದ ಕಡಲದಂಡೆಯಲ್ಲಿ ನಿಂತವರ ಉಪಗ್ರಹ ಯಂತ್ರ, ತಿದ್ದುಪಡಿ ಮಾಡದಿದ್ದರೆ, ಸೊನ್ನೆಗಿಂತ ಸುಮಾರು 90 ಮೀಟರ್ ಕೆಳಗೆ ಎಂದು ತೋರಿಸುತ್ತದೆ. ಆ ತಿದ್ದುಪಡಿಯ ನಕ್ಷೆ ಎಷ್ಟು ಸರಿ ಎಂದು ಪರೀಕ್ಷಿಸಲು ಎತ್ತರ ಖಚಿತವಾಗಿ ಗೊತ್ತಿರುವ ನೆಲದ ಬಿಂದುಗಳೇ ಬೇಕು. ಅಂದರೆ ಹಳೆಯ ಕಲ್ಲು ಹೊಸ ಯಂತ್ರದ ಪ್ರತಿಸ್ಪರ್ಧಿಯಲ್ಲ, ಅದರ ಸಾಕ್ಷಿ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಸರಕಾರಿ ಅಧಿಕಾರದಿಂದ ನೆಟ್ಟ ನೆಲಗುರುತನ್ನು ಕೀಳುವುದು, ಸರಿಸುವುದು ಭಾರತೀಯ ದಂಡ ಸಂಹಿತೆಯ 434ನೇ ಕಲಮಿನಡಿ ಒಂದು ವರ್ಷದವರೆಗೆ ಶಿಕ್ಷೆಗೆ ಗುರಿಯಾಗುವ ಅಪರಾಧವಾಗಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಅಪರಾಧವೆಂದೇ ಪರಿಗಣಿಸುತ್ತದೆ. ಆದರೆ ಜಾಗದ ಗಡಿಕಲ್ಲಿಗೆ ಕಾವಲಾಗಿ ಎರಡು ಕಡೆಯ ಮಾಲಿಕರಿರುತ್ತಾರೆ. ಮಟ್ಟದ ಗುರುತಿಗೆ ಯಾರೂ ಇಲ್ಲ. ಅದು ಏನೆಂದು ತಿಳಿಯದ ಯಂತ್ರಚಾಲಕನಿಗೆ ಅದು ಒಡೆಯಬೇಕಾದ ಮತ್ತೊಂದು ಕಲ್ಲಷ್ಟೇ.

ಮಾಡಬೇಕಾದದ್ದು ದುಬಾರಿಯಾದ ಕೆಲಸವಲ್ಲ. ಕಾಸರಗೋಡು ಸೇರುವ ಸರ್ವೆ ನಕ್ಷೆಗಳಲ್ಲಿ ಬಿ.ಎಂ. ಎಂದು ತೋರಿಸಿದ ಜಾಗಗಳನ್ನು ರಸ್ತೆ, ರೈಲು ಕಾಮಗಾರಿಯ ನಕ್ಷೆಯೊಂದಿಗೆ ತಾಳೆ ನೋಡಬೇಕು. ಒಡೆಯಲಿರುವ ಕಟ್ಟಡದ ಮೇಲೆ ಗುರುತಿದ್ದರೆ, ಒಡೆಯುವ ಮೊದಲೇ ಅದರ ಮಟ್ಟವನ್ನು ಸ್ವಾಧೀನದ ಅಗಲದಿಂದ ಹೊರಗಿನ ಕನಿಷ್ಠ ಎರಡು ಗಟ್ಟಿ ಬಿಂದುಗಳಿಗೆ ಸರ್ವೇಕ್ಷಣಾ ಇಲಾಖೆಯ ಮೂಲಕ ವರ್ಗಾಯಿಸಬೇಕು. ಎರಡಿದ್ದರೆ ಒಂದು ಅಲುಗಿದಾಗ ಇನ್ನೊಂದರಿಂದ ಗೊತ್ತಾಗುತ್ತದೆ. ಜಾಗದ ವಿವರಣೆ ಮತ್ತು ಚಿತ್ರದ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು. ಸಂಖ್ಯೆಯ ಪಕ್ಕದಲ್ಲಿ ಅದು ಯಾವ ಆಧಾರಮಟ್ಟದ್ದು, ಅಂದರೆ ಯಾವ ಸೊನ್ನೆಯಿಂದ ಅಳೆದದ್ದು, ಎಂದೂ ಬರೆಯಬೇಕು. ಏಕೆಂದರೆ ಸರ್ವೇಕ್ಷಣಾ ಇಲಾಖೆ ಗುರುತ್ವದ ಅಳತೆಗಳನ್ನೂ ಸೇರಿಸಿ 2009ರ ಹೆಸರಿನಲ್ಲಿ ಹೊಸ ಆಧಾರಮಟ್ಟವನ್ನು ಸಿದ್ಧಪಡಿಸಿದೆ, ಮತ್ತು ಒಂದೇ ಕಲ್ಲಿಗೆ ಅದರ ಪ್ರಕಾರ ಬರುವ ಎತ್ತರವೂ 1909ರ ಲೆಕ್ಕದ ಎತ್ತರವೂ ಒಂದೇ ಆಗಿರುವುದಿಲ್ಲ.