ಕಂಟ್ರೋಲ್–ಐ ಒತ್ತಿದರೆ ಮಾಸ್ಕ್ ಬದಲು ಚಿತ್ರವೇ ನೆಗೆಟಿವ್ ಆಗುವುದೇಕೆ?

ಪ್ರಶ್ನೆ: ಫೋಟೊಶಾಪ್‌ನಲ್ಲಿ ಲೇಯರ್ ಮಾಸ್ಕ್‌ನ (ಕಪ್ಪಿದ್ದಲ್ಲಿ ಚಿತ್ರವನ್ನು ಮರೆಮಾಡಿ, ಬಿಳಿಯಿದ್ದಲ್ಲಿ ತೋರಿಸುವ ಮುಸುಕು) ಕಪ್ಪು–ಬಿಳಿ ಅದಲುಬದಲು ಮಾಡಲು ಕಂಟ್ರೋಲ್–ಐ ಒತ್ತುತ್ತೇನೆ. ಕೆಲವೊಮ್ಮೆ ಚಿತ್ರವೇ ನೆಗೆಟಿವ್ ಆಗಿಬಿಡುತ್ತದೆ. ಶಾರ್ಟ್‌ಕಟ್ ಕೆಟ್ಟಿದೆಯೇ? ಮಾಸ್ಕ್‌ಗೆಂದೇ ಬೇರೆ ಶಾರ್ಟ್‌ಕಟ್ ಇದೆಯೇ?

ಉತ್ತರ: ಶಾರ್ಟ್‌ಕಟ್ ಕೆಟ್ಟಿಲ್ಲ, ಬೇರೆಯದರ ಅಗತ್ಯವೂ ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ಅದು ಮತ್ತೆ ಮತ್ತೆ ಬರುವುದಕ್ಕೆ ಒಂದು ತಪ್ಪು ತಿಳಿವಳಿಕೆಯೇ ಕಾರಣವಾದ್ದರಿಂದ, ಕೀಲಿಗಳ ಮಾತಿಗಿಂತ ಮೊದಲು ಅದನ್ನು ಬಿಡಿಸುತ್ತೇನೆ.

ಕಂಟ್ರೋಲ್–ಐ ಮಾಸ್ಕ್‌ನ ಶಾರ್ಟ್‌ಕಟ್ ಎಂಬುದೇ ಆ ತಪ್ಪು ತಿಳಿವಳಿಕೆ. ಅದು ಮಾಸ್ಕ್‌ನದ್ದೂ ಅಲ್ಲ, ಚಿತ್ರದ್ದೂ ಅಲ್ಲ. ಆ ಕ್ಷಣಕ್ಕೆ ಯಾವುದು ಆಯ್ಕೆಯಾಗಿದೆಯೋ ಅದರ ಬಣ್ಣಗಳನ್ನು ನೆಗೆಟಿವ್‌ನಂತೆ ಅದಲುಬದಲು ಮಾಡುತ್ತದೆ, ಅಷ್ಟೆ. ಲೇಯರ್ ಪ್ಯಾನೆಲ್‌ನ ಒಂದೇ ಸಾಲಿನಲ್ಲಿ ಚಿತ್ರದ ಥಂಬ್‌ನೇಲ್ (ಪುಟ್ಟ ಪ್ರತಿರೂಪ) ಮತ್ತು ಮಾಸ್ಕ್‌ನ ಥಂಬ್‌ನೇಲ್ ಅಕ್ಕಪಕ್ಕ ಕೂತಿರುತ್ತವೆ. ಇಡೀ ಸಾಲು ಎದ್ದು ಕಾಣುವುದನ್ನು ನೋಡಿ ಮಾಸ್ಕ್ ಆಯ್ಕೆಯಾಗಿದೆ ಎಂದುಕೊಳ್ಳುವಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನೋಡಬೇಕಾದದ್ದು ಎರಡರಲ್ಲಿ ಯಾವ ಥಂಬ್‌ನೇಲ್‌ನ ಸುತ್ತ ತೆಳುವಾದ ಚೌಕಟ್ಟು ಇದೆ ಎಂಬುದನ್ನು. ಅದು ಕಣ್ಣಿಗೆ ಸಿಗದಿದ್ದರೆ ಕಡತದ ಟ್ಯಾಬ್ ಮೇಲಿನ ಶೀರ್ಷಿಕೆ ಓದಿ: ಮಾಸ್ಕ್ ಆಯ್ಕೆಯಾಗಿದ್ದರೆ ಅಲ್ಲಿ ‘ಲೇಯರ್ ಮಾಸ್ಕ್’ ಎಂಬ ಹೆಸರೇ ಬಂದಿರುತ್ತದೆ, ಟೂಲ್ ಪಟ್ಟಿಯ ಬಣ್ಣದ ಚೌಕಗಳೂ ಕಪ್ಪು, ಬಿಳಿ, ಬೂದುಗಳಿಗೆ ಇಳಿದಿರುತ್ತವೆ. ಇಷ್ಟನ್ನು ನೋಡದೆ ಶಾರ್ಟ್‌ಕಟ್‌ಗಳನ್ನೆಲ್ಲ ರೀಸೆಟ್ ಮಾಡಿದರೆ ಯಾವ ಪ್ರಯೋಜನವೂ ಇಲ್ಲ. ಹಿನ್ನೆಲೆ ಮರೆಯಾಗಲೆಂದು ಕಪ್ಪು ಬ್ರಷ್ ಆಡಿಸಿದಾಗ ಚಿತ್ರದ ಮೇಲೆಯೇ ಕಪ್ಪು ಬಳಿದುಕೊಳ್ಳುವುದಕ್ಕೂ, ಆಲ್ಟ್–ಡಿಲೀಟ್ ಒತ್ತಿದಾಗ ಚಿತ್ರಕ್ಕೇ ಬಣ್ಣ ತುಂಬಿಕೊಳ್ಳುವುದಕ್ಕೂ ಇದೇ ಕಾರಣ.

ಆದ್ದರಿಂದ ಮೊದಲು ಕಲಿಯಬೇಕಾದ ಜೋಡಿ ಬೇರೆಯೇ ಇದೆ: ಕಂಟ್ರೋಲ್–ಬ್ಯಾಕ್‌ಸ್ಲ್ಯಾಶ್ ನಿಮ್ಮನ್ನು ಮಾಸ್ಕ್‌ಗೆ ಒಯ್ಯುತ್ತದೆ, ಕಂಟ್ರೋಲ್–2 ಚಿತ್ರಕ್ಕೆ ಮರಳಿಸುತ್ತದೆ. ನಾನು ಕಲಿಸಿದವರಲ್ಲಿ ಈ ಎರಡು ಬೆರಳಿಗೆ ಹತ್ತಿದ ಮೇಲೆ ಮೇಲಿನ ಪ್ರಶ್ನೆಯನ್ನು ಮತ್ತೆ ಕೇಳಿದವರಿಲ್ಲ, ಅದು ನನಗೆ ನಿಜವಾದ ಹೆಮ್ಮೆ. ಮ್ಯಾಕ್ ಬಳಸುವವರು ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಶನ್ ಎಂದು ಓದಿಕೊಳ್ಳಿ.

ಮಾಸ್ಕ್‌ನ ಥಂಬ್‌ನೇಲ್ ಮೇಲೆಯೇ ಕ್ಲಿಕ್ ಮಾಡುವ ಶಾರ್ಟ್‌ಕಟ್‌ಗಳಲ್ಲಿ ಈ ಗೊಂದಲ ಹುಟ್ಟುವುದಿಲ್ಲ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ಮಾಸ್ಕ್ ತಾತ್ಕಾಲಿಕವಾಗಿ ನಿಂತು ಅದರ ಮೇಲೆ ಕೆಂಪು ಅಡ್ಡಗೀಟುಗಳು ಬೀಳುತ್ತವೆ; ಆಲ್ಟ್ ಹಿಡಿದರೆ ಮಾಸ್ಕ್ ಮಾತ್ರ ಪರದೆ ತುಂಬ ಕಾಣುತ್ತದೆ, ಬ್ರಷ್ ತಪ್ಪಿಸಿ ಉಳಿದ ಚುಕ್ಕೆಗಳನ್ನು ಹುಡುಕಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಮಾಸ್ಕ್‌ನ ಆಕಾರದಲ್ಲೇ ಸೆಲೆಕ್ಷನ್, ಅಂದರೆ ಮುಂದಿನ ಬದಲಾವಣೆ ತಗಲುವ ಆಯ್ದ ಭಾಗ, ಮೂಡುತ್ತದೆ. ಇಲ್ಲಿ ಯಾರೂ ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ: ಮೃದುವಾದ ಅಂಚುಗಳಿರುವ ಮಾಸ್ಕ್‌ನಲ್ಲಿ ಸೆಲೆಕ್ಷನ್‌ನ ಗಡಿ ತೋರಿಸುವ ಚಲಿಸುವ ಚುಕ್ಕಿಗೆರೆ ಹಾದುಹೋಗುವುದು ಆಯ್ಕೆಯ ಪ್ರಮಾಣ ಶೇ 50 ಇರುವಲ್ಲಿ ಮಾತ್ರ. ತಿಳಿಬೂದು, ಕಡುಬೂದು ಭಾಗಗಳೆಲ್ಲ ತಮ್ಮ ತಮ್ಮ ಪ್ರಮಾಣದಲ್ಲಿ ಆಯ್ಕೆಯಾಗಿಯೇ ಇರುತ್ತವೆ; ಆದ್ದರಿಂದ ಈಗ ಕರ್ವ್ಸ್‌ನಲ್ಲಿ (ಬೆಳಕು–ನೆರಳು ಹೊಂದಿಸುವ ಸಲಕರಣೆ) ಬೆಳಕು ಏರಿಸಿದರೆ ಗೆರೆಯ ಆಚೆಗೂ ಸ್ವಲ್ಪ ಸ್ವಲ್ಪ ಹರಡುತ್ತದೆ. ಗೆರೆಯನ್ನು ನಂಬದೆ ಒಮ್ಮೆ ಕ್ಯೂ ಒತ್ತಿ. ಆಯ್ಕೆಯಾಗದ ಭಾಗವನ್ನು ಮುಚ್ಚಿ ತೋರಿಸುವ ಕ್ವಿಕ್ ಮಾಸ್ಕ್‌ನ ಕೆಂಪು ಪರದೆ ಎಲ್ಲಿ ದಟ್ಟವಾಗಿದೆ, ಎಲ್ಲಿ ತೆಳುವಾಗಿದೆ ಎಂಬುದನ್ನು ನೋಡಿಕೊಂಡು, ಮತ್ತೊಮ್ಮೆ ಕ್ಯೂ ಒತ್ತಿ ಕೆಲಸ ಮುಂದುವರಿಸಿ.