‘ಟು’ಗೆ ಮುಂಚೆ ‘ಹಿಮ್’ ಯಾಕೆ ಬರುತ್ತೆ: ಇನ್ಫಿನಿಟಿವ್ ಬಗ್ಗೆ ಟಿಪ್ಪಣಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಸೇರಿ ಇಂಗ್ಲಿಷ್ ಕಲಿಯುವ ನಮ್ಮ ಕನ್ನಡದ ಗುಂಪಿಗಾಗಿ ಬರೆದ ಟಿಪ್ಪಣಿ ಇದು. ಗುಂಪಿನಲ್ಲಿ ಹೋಟೆಲ್ ಕ್ಯಾಶ್ ಕೌಂಟರಿನವರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಾಲೇಜು ಮಕ್ಕಳೂ ಇದ್ದಾರೆ. ಎಲ್ಲರಿಗೂ ‘ಐ ವಾಂಟ್ ಟು ಗೋ’ ಬರುತ್ತೆ. ನಡುವೆ ಇನ್ನೊಬ್ಬ ಮನುಷ್ಯ ಬಂದ ಕೂಡಲೇ ವಾಕ್ಯ ತಡವರಿಸುತ್ತೆ. ಹಾಗಾಗಿ ಇವತ್ತು ಆ ಇನ್ನೊಬ್ಬನದೇ ವಿಚಾರ.

‘ಟು ಗೋ’, ‘ಟು ಈಟ್’, ‘ಟು ವೇಟ್’ ಇವೆಲ್ಲ ಇನ್ಫಿನಿಟಿವ್. ನಮ್ಮ ‘ಹೋಗಲಿಕ್ಕೆ’, ‘ತಿನ್ನೋಕೆ’ ಥರ. ಮರಾಠಿಯ ‘ಜಾಯಲಾ’, ‘ಖಾಯಲಾ’ ದಿನಾ ಕಿವಿಗೆ ಬೀಳುತ್ತಲ್ಲ, ಅದೂ ಇದೇ ಜಾತಿ. ಇದಕ್ಕೆ ಕಾಲವಿಲ್ಲ. ನಿನ್ನೆಯಾದರೂ ನಾಳೆಯಾದರೂ ‘ಟು ಗೋ’ ಹಾಗೇ ಇರುತ್ತೆ. ‘ಐ ವಾಂಟೆಡ್ ಟು ವೆಂಟ್’ ಅನ್ನುವುದು ತಪ್ಪು. ಕಾಲವನ್ನು ಮೊದಲ ಕ್ರಿಯಾಪದ ಹೊತ್ತುಕೊಂಡಾಯ್ತು, ಎರಡನೆಯದಕ್ಕೆ ಆ ಕೆಲಸವಿಲ್ಲ.

ಈಗ ಮುಖ್ಯ ವಿಷಯ. ‘ಅವನು ಹೋಗಬೇಕು ಅಂತ ನನಗೆ ಆಸೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಕನ್ನಡದ ಮನಸ್ಸು ನೇರವಾಗಿ ‘ಐ ವಾಂಟ್ ದ್ಯಾಟ್ ಹಿ ಶುಡ್ ಗೋ’ ಅನ್ನುತ್ತೆ. ಯಾಕೆಂದರೆ ನಮಗೆ ‘ಅವನು’ ಬೇಕೇ ಬೇಕು, ಹೋಗುವವನು ಅವನೇ ಅಲ್ವಾ? ಇಂಗ್ಲಿಷ್ ಲೆಕ್ಕ ಬೇರೆ. ‘ಐ ವಾಂಟ್’ ಆದ ಮೇಲೆ ಬರುವ ಮನುಷ್ಯ ‘ವಾಂಟ್’ ಕೈಗೆ ಸಿಕ್ಕಿಬಿದ್ದ. ಆದ್ದರಿಂದ ಅವನು ‘ಹಿ’ ಅಲ್ಲ, ‘ಹಿಮ್’. ‘ಐ ವಾಂಟ್ ಹಿಮ್ ಟು ಗೋ.’ ರೂಪ ನೋಡಿದರೆ ಅವನು ಮೊದಲ ಕ್ರಿಯಾಪದದ ಕರ್ಮ. ಅರ್ಥ ನೋಡಿದರೆ ಎರಡನೆಯದರ ಕರ್ತೃ. ಒಬ್ಬನಿಗೆ ಎರಡು ಡ್ಯೂಟಿ.

ಹಾಗೇ ‘ಮಿ’, ‘ಅಸ್’, ‘ಹರ್’, ‘ದೆಮ್’. ‘ಯು’ ಮತ್ತು ‘ಇಟ್’ ಮಾತ್ರ ಎಲ್ಲೂ ಬದಲಾಗುವುದಿಲ್ಲ, ಪುಣ್ಯ. ಲೋಕಲ್ ಟ್ರೈನಿನಲ್ಲಿ ಸೀಟು ಸಿಕ್ಕವರು ನಿಂತವರ ಬ್ಯಾಗು ಹಿಡಿದುಕೊಳ್ಳುವುದು ಇಲ್ಲಿನ ರೂಢಿ. ‘ನಾನು ನಿಮ್ಮ ಬ್ಯಾಗ್ ಹಿಡ್ಕೊಳ್ಲಾ?’ ಅನ್ನೋಕೆ ‘ಡು ಯು ವಾಂಟ್ ಮಿ ಟು ಹೋಲ್ಡ್ ಯುವರ್ ಬ್ಯಾಗ್?’ ಅಂದರೆ ಸಾಕು. ಕೇಳುತ್ತಿರುವುದು ನಿಮ್ಮ ಇಷ್ಟವನ್ನು, ಹಿಡಿಯುವುದು ನನ್ನ ಕೈ. ಎರಡೂ ಒಂದೇ ವಾಕ್ಯದಲ್ಲಿ ಬಂತು.

ಸರ್ವನಾಮ ‘ಟು’ಗೆ ಮುಂಚೆ ಇದೆಯೋ ಆಮೇಲೆ ಇದೆಯೋ, ಇದನ್ನು ನಿಧಾನವಾಗಿ ನೋಡಿ. ‘ಐ ವಾಂಟ್ ಟು ಕಾಲ್ ಹಿಮ್’ ಅಂದರೆ ಫೋನ್ ಮಾಡುವವನು ನಾನು. ‘ಐ ವಾಂಟ್ ಹಿಮ್ ಟು ಕಾಲ್’ ಅಂದರೆ ಫೋನ್ ಮಾಡುವವನು ಅವನು. ಅದೇ ‘ಹಿಮ್’, ಜಾಗ ಮಾತ್ರ ಬೇರೆ. ಕನ್ನಡದಲ್ಲಿ ‘ಅವನು’, ‘ಅವನಿಗೆ’ ಅಂತ ವಿಭಕ್ತಿಯೇ ಹೇಳಿಬಿಡುತ್ತೆ, ಪದವನ್ನು ಎಲ್ಲಿಟ್ಟರೂ ನಡೆಯುತ್ತೆ. ಇಂಗ್ಲಿಷಿನಲ್ಲಿ ಜಾಗವೇ ವಿಭಕ್ತಿಯ ಕೆಲಸ ಮಾಡುತ್ತೆ. ‘ಐ ವಾಂಟ್ ಹಿಮ್ ಟು ಕಾಲ್ ಹರ್’ ಅಂದಾಗ ‘ಟು’ಗೆ ಈಚೆಗಿರುವವನು ಮಾಡುವವನು, ಆಚೆಗಿರುವವಳಿಗೆ ಕಾಲ್ ಹೋಗುವುದು.

ಕೆಲವು ಕ್ರಿಯಾಪದಗಳಿಗೆ ಈ ನಡುವಿನ ಮನುಷ್ಯ ಇಲ್ಲದಿದ್ದರೆ ಆಗುವುದೇ ಇಲ್ಲ. ‘ಟೆಲ್’ ಅಂಥದ್ದು. ‘ಕಾಯೋಕೆ ಹೇಳಿದ್ರು’ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ, ಯಾರಿಗೆ ಅನ್ನೋದು ಸಂದರ್ಭದಲ್ಲೇ ಗೊತ್ತಾಗುತ್ತೆ. ‘ದೇ ಟೋಲ್ಡ್ ಟು ವೇಟ್’ ಮಾತ್ರ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ‘ದೇ ಟೋಲ್ಡ್ ಮಿ ಟು ವೇಟ್’ ಅನ್ನಲೇಬೇಕು. ನಮ್ಮ ಗುಂಪಿನಲ್ಲಿ ಜಾಸ್ತಿ ಕೇಳಿಬರುವ ತಪ್ಪು ಇದೇ ಇರಬೇಕು.

‘ಆಸ್ಕ್’ ಎರಡೂ ಕಡೆ ಸಲ್ಲುತ್ತೆ, ಆದರೆ ಅರ್ಥ ತಿರುಗುತ್ತೆ. ‘ಐ ಆಸ್ಕ್ಡ್ ಟು ಲೀವ್ ಅರ್ಲಿ’ ಅಂದರೆ ನಾನು ಬೇಗ ಹೊರಡಲು ಅನುಮತಿ ಕೇಳಿದೆ. ‘ಐ ಆಸ್ಕ್ಡ್ ಹಿಮ್ ಟು ಲೀವ್ ಅರ್ಲಿ’ ಅಂದರೆ ಅವನನ್ನೇ ಹೊರಡು ಅಂದೆ. ಬಾಸ್ ಹತ್ತಿರ ಮಾತಾಡುವಾಗ ಈ ‘ಹಿಮ್’ ಜೋಪಾನ!

‘ಪ್ರಾಮಿಸ್’ ಮಾತ್ರ ತಲೆಕೆಳಗು. ‘ಐ ಪ್ರಾಮಿಸ್ಡ್ ಹರ್ ಟು ಕಮ್’ ಅಂದಾಗ ಬರುವವನು ನಾನೇ, ಅವಳಲ್ಲ. ಗೊಂದಲ ಬೇಡ ಅನಿಸಿದರೆ ‘ಐ ಪ್ರಾಮಿಸ್ಡ್ ಹರ್ ದ್ಯಾಟ್ ಐ ವುಡ್ ಕಮ್’ ಅನ್ನಿ. ನನಗಂತೂ ಅದೇ ವಾಸಿ ಅನಿಸುತ್ತೆ.

‘ಸಜೆಸ್ಟ್’ಗೆ ಈ ಅಚ್ಚು ಕೂರುವುದೇ ಇಲ್ಲ. ‘ಹಿ ಸಜೆಸ್ಟೆಡ್ ಮಿ ಟು ಟೇಕ್ ದ ಸ್ಲೋ ಟ್ರೈನ್’ ಅಂತ ಆಫೀಸುಗಳಲ್ಲಿ ಬೇಕಾದಷ್ಟು ಕೇಳುತ್ತೆ. ಆದರೂ ಸರಿಯಾದದ್ದು ‘ಹಿ ಅಡ್ವೈಸ್ಡ್ ಮಿ ಟು ಟೇಕ್’ ಅಥವಾ ‘ಹಿ ಸಜೆಸ್ಟೆಡ್ ದ್ಯಾಟ್ ಐ ಟೇಕ್’.

‘ನಾಟ್’ ಎಲ್ಲಿಡಬೇಕು? ನಾವು ಮಾಟುಂಗಾ ಸ್ಟೇಷನ್ನಿಗೆ ಹೋಗಬೇಕು ಅಂದುಕೊಳ್ಳಿ. ಕೆಲವೇ ಸ್ಟೇಷನ್ನುಗಳಲ್ಲಿ ನಿಲ್ಲುವ ಫಾಸ್ಟ್ ಟ್ರೈನ್ ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ‘ಶಿ ಟೋಲ್ಡ್ ಅಸ್ ನಾಟ್ ಟು ಟೇಕ್ ದ ಫಾಸ್ಟ್ ಟ್ರೈನ್.’ ಹತ್ತಬೇಡಿ ಅಂತ ಹೇಳಿದಳು. ‘ಶಿ ಡಿಡಂಟ್ ಟೆಲ್ ಅಸ್ ಟು ಟೇಕ್ ದ ಫಾಸ್ಟ್ ಟ್ರೈನ್’ ಅಂದರೆ ಹತ್ತಿ ಅಂತ ಅವಳು ಹೇಳಲಿಲ್ಲ. ಮೊದಲನೆಯದರಲ್ಲಿ ಎಚ್ಚರಿಕೆ ಇದೆ, ಎರಡನೆಯದರಲ್ಲಿ ‘ನನ್ನ ಮೇಲೆ ಹಾಕಬೇಡಿ’ ಅನ್ನುವ ಜಾರಿಕೆ ಇದೆ.

ಇನ್ನು ‘ಟು’ ಇಲ್ಲದ ಬಳಗ. ‘ಲೆಟ್ ಮಿ ಗೆಟ್ ಡೌನ್’, ‘ದೇ ಮೇಡ್ ಅಸ್ ವೇಟ್’, ‘ಐ ಸಾ ಹಿಮ್ ಗೆಟ್ ಆಫ್ ಅಟ್ ಕುರ್ಲಾ’. ‘ಕ್ಯಾನ್’, ‘ಮಸ್ಟ್’ ಆದ ಮೇಲೂ ‘ಟು’ ಇಲ್ಲ. ಇದಕ್ಕೊಂದು ಹಳೇ ಕಾರಣವಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಸಾದಾ ಇನ್ಫಿನಿಟಿವ್‌ಗೆ ‘ಟು’ ಇರಲಿಲ್ಲ, ಪದದ ಕೊನೆಯ ‘ಅನ್’ ಪ್ರತ್ಯಯವೇ ಗುರುತು. ‘ಟು’ ಸೇರಿದ ರೂಪ ಬೇರೆಯೇ ಇತ್ತು. ಪ್ರತ್ಯಯಗಳು ಸವೆದುಹೋದಂತೆ ‘ಟು’ ಎಲ್ಲ ಕಡೆ ಹಬ್ಬಿತು. ಈ ಕೆಲವು ಮಾತ್ರ ಹಳೇ ಪದ್ಧತಿ ಬಿಡಲಿಲ್ಲ. ‘ಹೆಲ್ಪ್’ ಎರಡೂ ಒಪ್ಪುತ್ತೆ: ‘ಹೆಲ್ಪ್ ಮಿ ಲಿಫ್ಟ್ ಇಟ್’, ‘ಹೆಲ್ಪ್ ಮಿ ಟು ಲಿಫ್ಟ್ ಇಟ್’. ಒಂದು ತಮಾಷೆ ನೋಡಿ: ‘ದೇ ಮೇಡ್ ಅಸ್ ವೇಟ್’ ವಾಕ್ಯವನ್ನು ಕರ್ಮಣಿಗೆ ತಿರುಗಿಸಿದರೆ ‘ವಿ ವರ್ ಮೇಡ್ ಟು ವೇಟ್’. ಓಡಿಹೋದ ‘ಟು’ ವಾಪಸ್ ಬಂತು, ‘ಅಸ್’ ಮತ್ತೆ ‘ವಿ’ ಆಯ್ತು.

‘ನನಗೆ ಸೀಟು ಸಿಗೋದು ಕಷ್ಟ’ ಅನ್ನೋಕೆ ‘ಇಟ್ ಈಸ್ ಹಾರ್ಡ್ ಫಾರ್ ಮಿ ಟು ಗೆಟ್ ಅ ಸೀಟ್’. ಇಲ್ಲಿ ‘ಫಾರ್ ಮಿ’ ನಮ್ಮ ‘ನನಗೆ’ ಜಾಗದಲ್ಲೇ ಕೂತಿದೆ. ವಾಕ್ಯದ ಮೊದಲಿಗಿರುವ ‘ಇಟ್’ಗೆ ಅರ್ಥವಿಲ್ಲ, ಕರ್ತೃವಿನ ಜಾಗ ಖಾಲಿ ಬಿಡಬಾರದು ಅಂತ ಇಟ್ಟದ್ದು. ‘ದ ಟ್ರೈನ್ ವಾಸ್ ಟೂ ಫುಲ್ ಫಾರ್ ಅಸ್ ಟು ಗೆಟ್ ಇನ್’ ಕೂಡ ಇದೇ ಅಚ್ಚು. ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಯಲ್ಲಿ ನಿಂತವರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಎಲ್ಲ ‘ಟು’ವೂ ಇನ್ಫಿನಿಟಿವ್‌ನದಲ್ಲ, ಇದು ಕೊನೆಯ ತೊಡಕು. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ತಪ್ಪು, ‘ಟು ಮೀಟಿಂಗ್ ಯು’ ಸರಿ. ಅನುಮಾನ ಬಂದಾಗ ‘ಟು’ ಆದ ಮೇಲೆ ‘ಇಟ್’ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಒಪ್ಪುತ್ತೆ, ಹಾಗಾದರೆ ಅಲ್ಲಿ ‘ಇಂಗ್’ ರೂಪ ಬೇಕು. ‘ಐ ವಾಂಟ್ ಟು ಇಟ್’ ಒಪ್ಪಲ್ಲ, ಅಲ್ಲಿ ಇನ್ಫಿನಿಟಿವ್ ಸರಿ. ‘ಯೂಸ್ಡ್ ಟು’ ಇದರಲ್ಲಿ ಜಾಸ್ತಿ ಆಟ ಆಡಿಸುತ್ತೆ. ‘ಐ ಯೂಸ್ಡ್ ಟು ಲಿವ್ ಇನ್ ಮಾಟುಂಗಾ’ ಅಂದರೆ ಮೊದಲು ಅಲ್ಲಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ಲಿವಿಂಗ್ ಇನ್ ಮಾಟುಂಗಾ’ ಅಂದರೆ ಅಲ್ಲಿನ ಬದುಕು ಒಗ್ಗಿಹೋಗಿದೆ. ಮುಂದಿನ ವಾರಕ್ಕೆ ಇವೆರಡರಲ್ಲೂ ನಿಮ್ಮದೇ ಒಂದೊಂದು ವಾಕ್ಯ ಬರೆದು ತನ್ನಿ. ಎರಡರಲ್ಲೂ ‘ಐ’ ಬೇಡ, ‘ಶಿ’ ಅಥವಾ ‘ದೇ’ ಹಾಕಿ.